ಗ್ರೆನಾಡದಲ್ಲಿ ಕೊಕ್ಕೋ ಒಣಗುವ ಸದ್ದು

ಈ ಸದ್ದು ಕೇಳ್ತಾ ಉಂಟಾ? ಸರಕ್... ಸರಕ್... ಮೊದಲ ಸಲ ಕೇಳಿದಾಗ ನಮ್ಮ ಮನೆ ಅಂಗಳದಲ್ಲಿ ಯಾರೋ ಅಡಿಕೆ ಮಗುಚುತ್ತಿದ್ದಾರೆ ಅಂತಲೇ ಅನಿಸಿತು ನನಗೆ. ಅಡಿಕೆ ಅಲ್ಲ, ಕೊಕ್ಕೋ, ಚಾಕೊಲೇಟ್ ಮಾಡುವ ಬೀಜ. ಅಂಗಳವೂ ನಮ್ಮದಲ್ಲ. ಇದು ಗ್ರೆನಾಡ, ಕೆರಿಬಿಯನ್ ಸಮುದ್ರದ ಒಂದು ದ್ವೀಪ ದೇಶ. ಮರದ ದೊಡ್ಡ ಹಲಗೆಯ ಮೇಲೆ ಬೀಜ ಹರಡಿದ್ದಾರೆ. ಈ ಅಮ್ಮ ಪಾದ ಎತ್ತದೆ ಎಳೆದುಕೊಂಡು ಆ ತುದಿಯಿಂದ ಈ ತುದಿಗೆ ನಡೀತಾರೆ. ಪಾದ ಹೋದಲ್ಲಿ ಸಾಲು ಬೀಳ್ತದೆ, ಅಡಿಯ ಬೀಜ ಬಿಸಿಲಿಗೆ ಬರ್ತದೆ. ಇಲ್ಲಿಯವರು ಇದಕ್ಕೆ 'ಕೊಕ್ಕೋ ನಡೆಸುವುದು' ಅಂತಾರೆ.

ಇಲ್ಲಿ ನಾನು ಕ್ಯಾಮೆರಾ ಕೆಳಗೆ ತಿರುಗಿಸಿದ್ದು ಬೇಕಂತಲೇ. ಹಲಗೆಯ ಅಡಿ ನೋಡಿ, ಗಾಲಿ ಉಂಟು, ಗಾಲಿಯ ಅಡಿ ಹಳಿ ಉಂಟು. ಮಳೆ ಬಂತು ಅಂದ್ರೆ ಇಡೀ ಹಲಗೆಯನ್ನು ಮೇಜಿನ ಡ್ರಾಯರ್ ದೂಡಿದ ಹಾಗೆ ಕಟ್ಟಡದ ಕೆಳಗೆ ದೂಡಿಬಿಡ್ತಾರೆ. ಟಾರ್ಪಾಲು ಹಿಡಿದು ಓಡುವ ಗಲಾಟೆಯೇ ಇಲ್ಲ. ಅಕಾಲದ ಮಳೆಗೆ ಒಣಹಾಕಿದ ಅಡಿಕೆಯನ್ನು ಎಷ್ಟು ಸಲ ಬಾಚಿದ್ದೇವೆ ಅಂತ ನಮ್ಮ ಪುತ್ತೂರು ಕಡೆಯವರನ್ನು ಕೇಳಿ. ಈ ಹಳಿಯ ಮುಂದೆ ನಾನು ತುಂಬ ಹೊತ್ತು ನಿಂತೆ.

ನಾನು ಇಲ್ಲಿಗೆ ಬಂದದ್ದು ಅಕ್ಕನ ಮಗಳನ್ನು ನೋಡ್ಲಿಕ್ಕೆ. ಅವಳು ಇಲ್ಲಿ ಮೆಡಿಕಲ್ ಓದ್ತಾಳೆ. "ಮಾವ, ಬೀಚು ಆಮೇಲೆ ನೋಡುವಾ, ಮೊದಲು ನಿಮ್ಮನ್ನು ಒಂದು ತೋಟಕ್ಕೆ ಕರ್ಕೊಂಡು ಹೋಗ್ತೇನೆ" ಅಂದಳು. ದೇಶದ ವಿಸ್ತೀರ್ಣ 344 ಚದರ ಕಿಲೋಮೀಟರ್, ಬೆಂಗಳೂರು ನಗರದ ಅರ್ಧದಷ್ಟು. ಜನ ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ. ಉತ್ತರದ ಸೇಂಟ್ ಪ್ಯಾಟ್ರಿಕ್‌ಗೆ ಹೋಗುವ ರಸ್ತೆಯ ಬದಿಯಲ್ಲಿ ಬಾಳೆ, ಕೊಕ್ಕೋ, ಜಾಯಿಕಾಯಿ. ಕಾರಿನ ಕಿಟಕಿಯಿಂದ ನೋಡಿದ್ರೆ ಸುಳ್ಯದ ದಾರಿಯೇ, ಅಡಿಕೆ ಮರ ಮಾತ್ರ ಇಲ್ಲ.

ಈ ತೋಟದ ಹೆಸರು ಬೆಲ್ಮಾಂಟ್ ಎಸ್ಟೇಟ್. ಗುಲಾಮಗಿರಿಯ ಕಾಲದ ಹಳೆಯ ತೋಟ. 1857ರಿಂದ ಭಾರತದ ಕೂಲಿಯಾಳುಗಳನ್ನು ಹಡಗಿನಲ್ಲಿ ಈ ದ್ವೀಪಕ್ಕೆ ತಂದರು. 1944ರಲ್ಲಿ ಭಾರತೀಯ ಮೂಲದ ಒಂದು ಕುಟುಂಬ ಈ ಎಸ್ಟೇಟನ್ನೇ ಕೊಂಡುಕೊಂಡಿತು. ಅದನ್ನು ಕೇಳಿದಾಗ ನನಗೆ ಮೈ ಜುಂ ಅಂತು.

ಈಗ ನಮ್ಮ ಮನೆ ಕತೆ ಸ್ವಲ್ಪ ಹೇಳ್ಬೇಕು, ಇಲ್ಲದಿದ್ರೆ ಮುಂದಿನದು ನನಗೆ ಯಾಕೆ ಇಷ್ಟು ಹತ್ತಿರ ಅಂತ ನಿಮಗೆ ಗೊತ್ತಾಗುವುದಿಲ್ಲ. 1970ರ ದಶಕದಲ್ಲಿ ಅಜ್ಜ ಅಡಿಕೆ ತೋಟದ ನಡುವೆ ಕೊಕ್ಕೋ ನೆಟ್ಟರು. ಬೀಜ ಕೊಳ್ಳಲು ಕಂಪನಿಯವರು ಬರ್ತಾ ಇದ್ದರು. 1980ರ ಸುಮಾರಿಗೆ ರೇಟು ಬಿತ್ತು, ಕೊಳ್ಳುವವರು ಬರುವುದು ನಿಂತಿತು. ಕೊಕ್ಕೋ ಕಾಯಿ ಮರದಲ್ಲೇ ಕಪ್ಪಾಯಿತು, ಅಳಿಲು ತಿಂದಿತು. ಅಜ್ಜ ಗಿಡಗಳನ್ನು ಕಡಿಸಿದರು. ಆ ದಿನದ ಮಾತು ಬಂದಾಗ ಅಪ್ಪ ಈಗಲೂ ಸುಮ್ಮನಾಗ್ತಾರೆ. ಆಮೇಲೆ ನಮ್ಮ ರೈತರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕೊಕ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲೇ ಚಾಕೊಲೇಟ್ ಫ್ಯಾಕ್ಟರಿ ಶುರುವಾಯಿತು. ಕಡಿಯದೆ ಉಳಿದ ನಾಲ್ಕು ಗಿಡ ನಮ್ಮ ತೋಟದಲ್ಲಿ ಈಗಲೂ ಉಂಟು.

ಗ್ರೆನಾಡದವರ ನೋವೂ ಅದೇ ಜಾತಿಯದು, ಇನ್ನೂ ಹಳೆಯದು. ಇಲ್ಲಿಯ ಕೊಕ್ಕೋ ಪರಿಮಳಕ್ಕೆ ಹೆಸರುವಾಸಿ. ಆದರೆ ತಲೆತಲಾಂತರದಿಂದ ಬೀಜವಾಗಿಯೇ ಗೋಣಿಯಲ್ಲಿ ಯುರೋಪಿಗೆ ಹೋಗ್ತಾ ಇತ್ತು. ಚಾಕೊಲೇಟ್ ಆಗಿ ಅಂಗಡಿಗೆ ವಾಪಸು ಬರುವಾಗ, ಬೆಳೆದವನಿಗೆ ಕೊಳ್ಳಲಾಗದ ಬೆಲೆ.

1999ರಲ್ಲಿ ಮೂವರು ಗೆಳೆಯರು, ಮಾಟ್ ಗ್ರೀನ್, ಡಗ್ ಬ್ರೌನ್, ಎಡ್ಮಂಡ್ ಬ್ರೌನ್, ಹರ್ಮಿಟೇಜ್ ಅನ್ನುವ ಹಳ್ಳಿಯ ಒಂದು ಮನೆಯಲ್ಲಿ ಗ್ರೆನಾಡ ಚಾಕೊಲೇಟ್ ಕಂಪನಿ ಶುರು ಮಾಡಿದರು. ಬೆಳೆದ ಊರಲ್ಲೇ ಹುರಿದು, ಅರೆದು, ಅಚ್ಚು ಹೊಯ್ದು, ಕಾಗದ ಸುತ್ತಿ ಮಾರುವುದು. ಕೇಳ್ಲಿಕ್ಕೆ ಸುಲಭ. ಆದರೆ ಆಗ ಚಾಕೊಲೇಟ್ ಯಂತ್ರ ತಯಾರಾಗ್ತಾ ಇದ್ದದ್ದು ಹೆಚ್ಚಾಗಿ ಟನ್‌ಗಟ್ಟಲೆ ಮಾಡುವ ಫ್ಯಾಕ್ಟರಿಗಳಿಗೆ. ಇಷ್ಟು ಚಿಕ್ಕ ಘಟಕಕ್ಕೆ ಹೊಂದುವ ಯಂತ್ರ ಬೇಕಲ್ಲ? ಇವರು ಹಳೆಯ ಯಂತ್ರ ಹುಡುಕಿ ತಂದು ರಿಪೇರಿ ಮಾಡಿದರು, ಸಿಗದ್ದನ್ನು ತಾವೇ ಕಟ್ಟಿದರು. ದ್ವೀಪದ ಕರೆಂಟು ಬಹುತೇಕ ಹೊರಗಿಂದ ತರುವ ಡೀಸೆಲ್‌ನದ್ದು, ಬಿಲ್ಲು ಭಾರಿ. ಹಾಗಾಗಿ ಸೋಲಾರ್ ಹಾಕಿದರು. ಸಾವಯವ ಬೆಳೆಗಾರರನ್ನು ಸಹಕಾರಿಯಾಗಿ ಸೇರಿಸಿಕೊಂಡರು. ಬೀಜವನ್ನು ಬಾಳೆಲೆ ಹೊದಿಸಿದ ಮರದ ಪೆಟ್ಟಿಗೆಯಲ್ಲಿ ಹುಳಿ ಬರಿಸಿ, ಒಣಗಿಸುವ ಕೆಲಸ ಬೆಲ್ಮಾಂಟ್‌ನಲ್ಲಿ. ಹೊಸ ಆವಿಷ್ಕಾರ ಅಂದ್ರೆ ಕಂಪ್ಯೂಟರು, ಆ್ಯಪು ಅಂತಲೇ ನಾವು ಯೋಚಿಸ್ತೇವೆ. ನನ್ನ ಕಣ್ಣಿಗೆ ಇದು ಅದಕ್ಕಿಂತ ಒಂದು ಕೂದಲೆಳೆಯೂ ಕಡಿಮೆ ಅಲ್ಲ.

ಇನ್ನು ಸೆಕೆ. ಚಾಕೊಲೇಟ್ ಸೆಕೆಗೆ ಕರಗ್ತದೆ, ಇದು ಬರೀ ಸೆಕೆಯ ನಾಡು. ಮಾಡುವ ಕೋಣೆ ತಂಪಿರಬೇಕು, ಇಡುವ ಕೋಣೆ ತಂಪಿರಬೇಕು, ಹಡಗೂ ತಂಪಿರಬೇಕು. 2012ರಲ್ಲಿ ಟ್ರೆಸ್ ಒಂಬ್ರೆಸ್ ಅನ್ನುವ, ಇಂಜಿನ್ನೇ ಇಲ್ಲದ ಹಾಯಿಹಡಗಿನಲ್ಲಿ ಸಾವಿರಾರು ಚಾಕೊಲೇಟ್ ಬಾರ್ ಅಟ್ಲಾಂಟಿಕ್ ದಾಟಿ ಆಮ್‌ಸ್ಟರ್‌ಡ್ಯಾಮ್ ಸೇರಿದವು. ಮರುವರ್ಷ, 2013ರ ಜೂನ್ 1ರಂದು, ಚಾಕೊಲೇಟನ್ನು ಸಾಗಿಸುವಾಗ ತಂಪಾಗಿಡುವ ಸೋಲಾರ್ ಯಂತ್ರದ ಕೆಲಸದಲ್ಲಿದ್ದಾಗಲೇ ಶಾಕ್ ಹೊಡೆದು ಮಾಟ್ ಗ್ರೀನ್ ತೀರಿಹೋದರು.

ಕಂಪನಿ ನಿಲ್ಲಲಿಲ್ಲ. ಬಾರ್ ಈಗಲೂ ಸಿಗ್ತದೆ. ನನ್ನ ಕೈಯಲ್ಲಿರುವುದು 71 ಶೇಕಡ ಕೊಕ್ಕೋ ಇರುವಂಥದ್ದು. ಅವರ ಹಿಂದೆ ದ್ವೀಪದಲ್ಲಿ ಇನ್ನೂ ಕೆಲವರು ಚಾಕೊಲೇಟ್ ಮಾಡ್ಲಿಕ್ಕೆ ಇಳಿದರು. ಒಂದು ಸಣ್ಣ ಉದ್ಯಮ ನಡೆದದ್ದಕ್ಕೆ ಇದಕ್ಕಿಂತ ದೊಡ್ಡ ಲೆಕ್ಕ ನನಗೆ ಬೇಡ. ಲಾಭದ ಪುಸ್ತಕ ನಾನು ನೋಡಿಲ್ಲ. ಪಕ್ಕದವನಿಗೂ ಧೈರ್ಯ ಬಂತಲ್ಲ, ಅದನ್ನು ನೋಡಿದೆ.

ಆದರೆ ಈ ದ್ವೀಪದಲ್ಲಿ ಧೈರ್ಯ ಮಾಡುವುದು ಎಷ್ಟು ಕಷ್ಟ ಅಂತ ಜಾಯಿಕಾಯಿ ಹೇಳ್ತದೆ. ಇವರ ಧ್ವಜದಲ್ಲೇ ಜಾಯಿಕಾಯಿ ಉಂಟು. ಒಂದು ಕಾಲದಲ್ಲಿ ಜಾಯಿಕಾಯಿ ಬೆಳೆಯುವುದರಲ್ಲಿ ಇಂಡೋನೇಷ್ಯ ಬಿಟ್ಟರೆ ಜಗತ್ತಿನಲ್ಲಿ ಇವರೇ ಮುಂದೆ. 2004ರ ಸೆಪ್ಟೆಂಬರ್ 7ರಂದು ಇವಾನ್ ಚಂಡಮಾರುತ ಬಂತು. 39 ಜನ ಹೋದರು. ಹತ್ತರಲ್ಲಿ ಒಂಬತ್ತು ಮನೆಗೆ ಪೆಟ್ಟು. ಒಟ್ಟು ನಷ್ಟ ದೇಶದ ಒಂದು ವರ್ಷದ ಉತ್ಪನ್ನದ ಎರಡು ಪಟ್ಟು. ಜಾಯಿಕಾಯಿ ಮರ ಬಹುಪಾಲು ಬುಡಸಮೇತ ಮಗುಚಿದವು. ಮುಂದಿನ ಜುಲೈಯಲ್ಲಿ ಇನ್ನೊಂದು ಚಂಡಮಾರುತ, ಎಮಿಲಿ. ಜಾಯಿಕಾಯಿ ಬೆಳೆದವರಿಗೆ ಗೊತ್ತುಂಟು, ಬೀಜದ ಗಿಡ ಗಂಡೋ ಹೆಣ್ಣೋ ಅಂತ ತಿಳಿಯಲು ಹೂ ಬಿಡುವವರೆಗೆ ಕಾಯಬೇಕು. ಐದಾರು ವರ್ಷ ನೀರು ಹಾಕಿ, ಕಾಯಿ ಬಿಡದ ಗಂಡು ಅಂತ ಗೊತ್ತಾದರೆ ಎದೆಗೆ ಹೊಡೆದ ಹಾಗೆ. ವಯಸ್ಸಾದವರು ಮತ್ತೆ ಯಾವ ನಂಬಿಕೆಯಲ್ಲಿ ನೆಡಬೇಕು? ಮೂರ್ನಾಲ್ಕು ವರ್ಷಕ್ಕೆ ಫಸಲು ಕೊಡುವ ಕೊಕ್ಕೋ ಅಂಥವರಿಗೆ ಆಸರೆ.

ಇನ್ನೊಂದು ವಿಷಯ ತೋರಿಸಲೇಬೇಕು. ಈ ಬಾಟಲಿ ಜಾಯಿಕಾಯಿ ಸಿರಪ್. ಜಾಯಿಕಾಯಿಯ ದಪ್ಪ ಹೊರಸಿಪ್ಪೆಯನ್ನು ನಾವು ಹೆಚ್ಚಾಗಿ ತೋಟದಲ್ಲೇ ಕೊಳೆಯಲು ಬಿಡ್ತೇವೆ, ಅಲ್ವಾ? ಇಲ್ಲಿ ಡೆ ಲಾ ಗ್ರೆನಾಡ್ ಅನ್ನುವ ಸಂಸ್ಥೆ ಅದೇ ಸಿಪ್ಪೆಯಿಂದ ಸಿರಪ್, ಜೆಲ್ಲಿ, ಜ್ಯಾಮ್ ಮಾಡಿ ಹೊರದೇಶಕ್ಕೂ ಮಾರ್ತದೆ. ಇನ್ನೊಬ್ಬರು ಜಾಯಿಕಾಯಿ ಎಣ್ಣೆಯಿಂದ ನೋವಿಗೆ ಹಚ್ಚುವ ಸ್ಪ್ರೇ ಮಾಡಿದ್ದಾರೆ, ಹೆಸರು ನಟ್‌ಮೆಡ್. ಒಂದೇ ಕಾಯಿಯ ತಿರುಳು, ಬೀಜಕ್ಕೆ ಸುತ್ತಿಕೊಂಡ ಕೆಂಪು ಪತ್ರೆ, ಎಣ್ಣೆ, ಸಿಪ್ಪೆ, ಯಾವುದೂ ಹಾಳಲ್ಲ. ಇರುವ ನೆಲವೇ ಇಷ್ಟು ಅಂದ ಮೇಲೆ ತೋಟ ಹಿಗ್ಗಿಸ್ಲಿಕ್ಕೆ ಆಗುವುದಿಲ್ಲ, ಕಾಯಿಯೊಳಗೇ ಹುಡುಕಬೇಕು.

ಕಷ್ಟ ಮುಗಿದಿಲ್ಲ. ಬಾಟಲಿ ಹೊರಗಿಂದ ಬರಬೇಕು, ಮುಚ್ಚಳ ಹೊರಗಿಂದ ಬರಬೇಕು. ಊರಿನ ಗಿರಾಕಿ ಒಂದು ಲಕ್ಷ ಚಿಲ್ಲರೆ, ಉಳಿದವರು ಪ್ರವಾಸಿಗರು. 2024ರ ಜುಲೈ 1ಕ್ಕೆ ಬೆರಿಲ್ ಚಂಡಮಾರುತ ಇದೇ ದೇಶದ ಕ್ಯಾರಿಯಾಕೂ ದ್ವೀಪವನ್ನು ಹೆಚ್ಚುಕಮ್ಮಿ ನೆಲಸಮ ಮಾಡಿತು. ಈ ಉತ್ತರದ ತೋಟಗಳಿಗೂ ಹೊಡೆತ ಬಿತ್ತು. ಸಣ್ಣ ಉದ್ಯಮದವರಿಗೆ ಸಾಲ ಕೊಡುವವರು ಈ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮರ ಬಿದ್ದ ವರ್ಷವೂ ಕಂತು ಕೇಳಿದರೆ ಯಾರು ತಾನೇ ಹೊಸತಕ್ಕೆ ಕೈ ಹಾಕ್ತಾರೆ?

ರಾತ್ರಿ ಹಳಿಯ ವಿಡಿಯೋ ಅಪ್ಪನಿಗೆ ಕಳಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ವಾಯ್ಸ್ ಮೆಸೇಜ್. ಚಾಕೊಲೇಟಿನ ಬಗ್ಗೆ ಒಂದು ಮಾತೂ ಇಲ್ಲ. "ಗಾಲಿ ಕಬ್ಬಿಣದ್ದಾ? ಹಳಿಯಿಂದ ಹಳಿಗೆ ಎಷ್ಟು ಅಡಿ? ಸರಿಯಾಗಿ ಅಳತೆ ತೆಗೆದುಕೊಂಡು ಬಾ."

ಅಕ್ಕನ ಮಗಳ ಹಾಸ್ಟೆಲಿನಲ್ಲಿ ಒಂದು ಟೇಪು ಸಿಕ್ಕಿತು. ಈಗ ಬೆಲ್ಮಾಂಟ್‌ಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೇವೆ.