‘ನೋಡಿಕೊಳ್ಳುವುದು’ ಎಂಬ ಕೆಲಸ

ಮಾನ್ಯ ಅಧ್ಯಕ್ಷರೇ, ಸಭೆಯಲ್ಲಿರುವ ಹಿರಿಯರೇ, ಗೆಳೆಯ ಗೆಳತಿಯರೇ,

ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1993ರಲ್ಲಿ ಕೈಗೊಂಡ ನಿರ್ಣಯದಂತೆ ಮೇ 15ನ್ನು ಪ್ರತಿವರ್ಷ ಅಂತರರಾಷ್ಟ್ರೀಯ ಕುಟುಂಬ ದಿನವೆಂದು ಆಚರಿಸಲಾಗುತ್ತಿದೆ. ಇಂಥ ಸಂದರ್ಭದಲ್ಲಿ ಕುಟುಂಬದ ಬಗ್ಗೆ ಮಾತನಾಡುವವರು ಪ್ರೀತಿ, ತ್ಯಾಗ, ಹೊಂದಾಣಿಕೆ ಎಂಬ ದೊಡ್ಡ ಮಾತುಗಳಿಂದ ಆರಂಭಿಸುವುದು ರೂಢಿ. ನಾನು ನಾವೆಲ್ಲ ದಿನಕ್ಕೆ ಹತ್ತಾರು ಬಾರಿ ಬಳಸುವ ಒಂದು ಕ್ರಿಯಾಪದದಿಂದ ಆರಂಭಿಸುತ್ತೇನೆ: ‘ನೋಡಿಕೊಳ್ಳು’. ಮಗುವನ್ನು ನೋಡಿಕೊಳ್ಳುತ್ತೇವೆ, ಮನೆಯನ್ನು ನೋಡಿಕೊಳ್ಳುತ್ತೇವೆ, ಒಲೆಯ ಮೇಲಿಟ್ಟ ಹಾಲನ್ನೂ ವಯಸ್ಸಾದ ತಂದೆತಾಯಿಯರನ್ನೂ ಇದೇ ಪದದಿಂದ ನೋಡಿಕೊಳ್ಳುತ್ತೇವೆ. ಈ ಪದದೊಳಗೆ ಕಣ್ಣಿನ ಕೆಲಸವಾದ ನೋಟವಿದೆ; ಆ ನೋಟದ ಹೊಣೆಯನ್ನು ತನ್ನ ಮೇಲೆ ಎಳೆದುಕೊಳ್ಳುವ ‘ಕೊಳ್ಳು’ ಕೂಡ ಇದೆ. ರಜೆಯ ದಿನಗಳಲ್ಲಿ ಮನೆ ತುಂಬ ಜನರಿರುವಾಗ ನೋಟಕ್ಕೆ ಬರವಿರುವುದಿಲ್ಲ, ‘ಕೊಳ್ಳು’ವವರಿಗೆ ಬರವಿರುತ್ತದೆ ಎಂಬುದೇ ನಾನು ಇಂದು ಹೇಳಬೇಕೆಂದಿರುವ ವಿಷಯ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಹಲವು ವರ್ಷಗಳ ಹಿಂದೆ ಒಂದು ರಜೆಯಲ್ಲಿ ನಮ್ಮ ಮನೆಯಲ್ಲಿ ಹನ್ನೊಂದು ಮಂದಿ ದೊಡ್ಡವರು ಸೇರಿದ್ದರು, ಜೊತೆಗೆ ಒಂದೂಕಾಲು ವರ್ಷದ ಒಂದು ಮಗು. ಹರಟೆ ಜೋರಾಗಿದ್ದ ಹೊತ್ತಿನಲ್ಲಿ ಮಗುವಿನ ತಾಯಿ ಒಳಗಿನಿಂದ ಬಂದು, ಯಾರನ್ನೂ ಆಕ್ಷೇಪಿಸದ ಸಹಜ ಧ್ವನಿಯಲ್ಲಿ, “ಪಾಪು ಯಾರ ಹತ್ತಿರ ಇದೆ?” ಎಂದು ಕೇಳಿದರು. ನಾನು ಅದು ಅದರ ಅಜ್ಜಿಯ ಬಳಿ ಇದೆ ಎಂದುಕೊಂಡಿದ್ದೆ. ಅಜ್ಜಿ ನನ್ನ ಬಳಿ ಇದೆ ಎಂದುಕೊಂಡಿದ್ದರು. ಮಗು ಸ್ನಾನದ ಮನೆಯಲ್ಲಿ, ಅರ್ಧ ನೀರಿದ್ದ ಬಕೆಟ್ಟಿನ ಅಂಚು ಹಿಡಿದು ನಿಂತು, ನೀರಿನಲ್ಲಿ ತೇಲುತ್ತಿದ್ದ ಮಗ್ಗಿಗೆ ಕೈ ಚಾಚುತ್ತಿತ್ತು. ಏನೂ ಆಗಲಿಲ್ಲ. ಆದರೆ ಹನ್ನೊಂದು ಮಂದಿಯ ಇಪ್ಪತ್ತೆರಡು ಕಣ್ಣುಗಳಿದ್ದ ಮನೆಯಲ್ಲಿ ಆ ಮಗುವನ್ನು ಯಾರೂ ನೋಡಿಕೊಳ್ಳುತ್ತಿರಲಿಲ್ಲ. ದಿನವೂ ಒಬ್ಬರೇ ಇರುವ ಮನೆಯಲ್ಲಿ ಅದು ಬಹುಶಃ ಅಷ್ಟು ದೂರ ಹೋಗುತ್ತಿರಲಿಲ್ಲ, ಏಕೆಂದರೆ ಆ ಒಬ್ಬರಿಗೆ ಹೊಣೆಯನ್ನು ಮನಸ್ಸಿನಲ್ಲೇ ವರ್ಗಾಯಿಸಿಬಿಡಲು ಬೇರೆ ಯಾರೂ ಸಿಗುವುದಿಲ್ಲ.

ನೀರಿನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಪ್ರಪಂಚದಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು; ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ 5 ವರ್ಷದೊಳಗಿನ ಮಕ್ಕಳು. ಮುಳುಗುವುದೆಂದರೆ ಕೈಬೀಸುವುದು, ಕಿರುಚುವುದು ಎಂಬ ಚಿತ್ರ ನಮ್ಮ ತಲೆಯಲ್ಲಿ ಕುಳಿತಿದೆ. ನಿಜದಲ್ಲಿ ಉಸಿರಿಗೇ ಹೋರಾಡುತ್ತಿರುವ ದೇಹಕ್ಕೆ ಕೂಗಲು ಉಸಿರು ಉಳಿದಿರುವುದಿಲ್ಲ, ಹಾಗಾಗಿ ಮುಳುಗುವಿಕೆ ಹೆಚ್ಚಾಗಿ ಸದ್ದಿಲ್ಲದೆ ನಡೆದುಹೋಗುತ್ತದೆ. ಪುಟ್ಟ ಮಕ್ಕಳಿಗೆ ದೇಹಕ್ಕೆ ಹೋಲಿಸಿದರೆ ತಲೆಯ ಭಾರ ಹೆಚ್ಚು. ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದರೆ ತಾವಾಗಿ ಮೇಲೇಳಲಾರವು, ಕೆಲವೇ ಸೆಂಟಿಮೀಟರ್ ನೀರು ಸಾಕಾಗುತ್ತದೆ. ಆದ್ದರಿಂದ ‘ಸದ್ದಾದರೆ ಗೊತ್ತಾಗುತ್ತದೆ’ ಎಂಬ ಭರವಸೆಯನ್ನು ನೀರಿನ ವಿಷಯದಲ್ಲಿ ಬಿಟ್ಟೇಬಿಡಬೇಕು. ಬಳಸಿಯಾದ ಬಕೆಟ್ಟನ್ನು ಬರಿದು ಮಾಡಿ ಮಗುಚಿಡುವ ಅಭ್ಯಾಸಕ್ಕೆ ಖರ್ಚಿಲ್ಲ, ಶ್ರಮವೂ ಇಲ್ಲ.

ಆದರೆ ಹೊಣೆಯನ್ನು ಕೈಯಿಂದ ಕೈಗೆ ದಾಟಿಸುವುದು ಹೇಗೆ? ಇದಕ್ಕೆ ವಿಮಾನ ಚಾಲಕರಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಇಬ್ಬರು ಚಾಲಕರಲ್ಲಿ ಒಬ್ಬರು ಇನ್ನೊಬ್ಬರಿಗೆ ವಿಮಾನದ ಹತೋಟಿ ಒಪ್ಪಿಸುವಾಗ ‘ಹತೋಟಿ ನಿಮ್ಮದು’ ಎಂದು ಬಾಯಿಬಿಟ್ಟು ಹೇಳುತ್ತಾರೆ. ಇನ್ನೊಬ್ಬರು ‘ಹತೋಟಿ ನನ್ನದು’ ಎಂದು ಬಾಯಿಬಿಟ್ಟೇ ಉತ್ತರಿಸುತ್ತಾರೆ. ಪಕ್ಕಪಕ್ಕದಲ್ಲೇ ಕುಳಿತಿದ್ದರೂ ತಲೆಯಾಡಿಸಿ ಮುಗಿಸುವುದಿಲ್ಲ. ನಮ್ಮ ಮನೆಯಲ್ಲಿ ಆ ಬಕೆಟ್ಟಿನ ಘಟನೆಯ ನಂತರ “ಈಗ ನೀವು ನೋಡಿಕೊಳ್ಳಿ” ಎಂದವರು, “ಆಯಿತು, ನಾನು ನೋಡಿಕೊಳ್ಳುತ್ತೇನೆ” ಎಂಬ ಉತ್ತರ ಕಿವಿಗೆ ಬೀಳುವ ತನಕ ಜಾಗ ಬಿಟ್ಟು ಕದಲಬಾರದು ಎಂಬ ನಿಯಮ ಮಾಡಿಕೊಂಡೆವು. ಮೊದಮೊದಲು ಹಿರಿಯರು ನಕ್ಕರು, ಇದೇನು ಕಚೇರಿಯೇ ಎಂದು ಕೇಳಿದರು. ನಕ್ಕವರೂ ಉತ್ತರ ಕೊಟ್ಟೇ ಕೊಡುತ್ತಿದ್ದರು, ಅಷ್ಟು ಸಾಕಿತ್ತು. ಈಜುಕೊಳ, ಕೆರೆ, ಸಮುದ್ರದ ದಡಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹದಿನೈದು ಹದಿನೈದು ನಿಮಿಷದಂತೆ ಸರದಿ ಮಾಡಿಕೊಂಡು, ಸರದಿಯಲ್ಲಿರುವವರು ಮೊಬೈಲ್ ಮುಟ್ಟದಂತೆ ನೋಡಿಕೊಳ್ಳುವುದು ಒಳ್ಳೆಯದು.

ರಜೆಯಲ್ಲಿ ಇನ್ನೊಂದು ಬದಲಾವಣೆಯೂ ಆಗುತ್ತದೆ, ದಿನಚರಿ ಮುರಿಯುತ್ತದೆ. ನಮ್ಮ ಎಚ್ಚರದ ಬಹುಪಾಲು ನಿಜವಾಗಿ ಎಚ್ಚರವಲ್ಲ, ರೂಢಿ. ರಾತ್ರಿ ಮಲಗುವ ಮುನ್ನ ಗ್ಯಾಸಿನ ರೆಗ್ಯುಲೇಟರ್ ಮುಚ್ಚುವ ಕೈ ತನ್ನಷ್ಟಕ್ಕೆ ತಾನೇ ಮುಚ್ಚುತ್ತದೆ. ಅಡುಗೆಮನೆ ಬೇರೆಯವರ ಕೈಗೆ ಹೋದ ರಾತ್ರಿ ಆ ಕೈ ಎಲ್ಲೋ ಇರುತ್ತದೆ, ರೆಗ್ಯುಲೇಟರ್ ತೆರೆದೇ ಇರುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದ್ದು ಮೇಲೇರಿ ಹೋಗದೆ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಮಕ್ಕಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಮರೆತು ಹೋದ ದುರಂತಗಳನ್ನು ಓದಿದಾಗ ‘ಇಂಥ ತಂದೆತಾಯಿಯೂ ಇರುತ್ತಾರೆಯೇ’ ಎಂದು ನಾವು ಬೆರಗಾಗುತ್ತೇವೆ. ಆದರೆ ಅವುಗಳಲ್ಲಿ ಅನೇಕ ನಡೆದದ್ದು ಅಂದಿನ ದಿನಚರಿ ಬದಲಾಗಿದ್ದ ಕಾರಣಕ್ಕೆ: ಎಂದೂ ಮಗುವನ್ನು ಬಿಡಲು ಹೋಗದವರು ಅಂದು ಹೊರಟಿದ್ದರು, ಮಗು ಹಿಂದೆ ನಿದ್ದೆ ಹೋಗಿತ್ತು, ಸ್ಟಿಯರಿಂಗ್ ಹಿಡಿದ ಕೈ ದಿನದ ದಾರಿಯನ್ನೇ ಹಿಡಿಯಿತು. ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ಪ್ರೀತಿ ಹೆಚ್ಚಿದ್ದರೆ ಮರೆವು ಬರುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಮೊಬೈಲನ್ನೋ ಚೀಲವನ್ನೋ ಮಗುವಿನ ಪಕ್ಕದಲ್ಲೇ ಇಡುವಂಥ ಸಣ್ಣ ಉಪಾಯ ಪ್ರೀತಿಗಿಂತ ಹೆಚ್ಚು ನೆನಪಿಡುತ್ತದೆ.

ಇನ್ನು ರಜೆಯ ಬಿಡುವಿಗೆ ಹೇಳಿ ಮಾಡಿಸಿದ ಮನೆಯ ಕೈಕೆಲಸಗಳ ಮಾತು. ಕಾಗದ, ಬಟ್ಟೆ, ಮರ, ಮಣಿ, ಬಣ್ಣ ಹರಡಿಕೊಂಡು ಮಕ್ಕಳೂ ದೊಡ್ಡವರೂ ಒಂದೇ ಚಾಪೆಯ ಮೇಲೆ ಕುಳಿತಿರುವ ಮಧ್ಯಾಹ್ನಕ್ಕಿಂತ ಒಳ್ಳೆಯ ಮಧ್ಯಾಹ್ನವನ್ನು ನಾನು ಕಂಡಿಲ್ಲ. ಅಪಾಯವಿದೆ ಎಂದು ಅದನ್ನು ಕಸಿದುಕೊಳ್ಳುವವರ ಪಕ್ಷ ನನ್ನದಲ್ಲ. ಅಪಾಯ ಎಲ್ಲಿದೆ ಎಂಬುದನ್ನು ಮಾತ್ರ ತಪ್ಪಾಗಿ ಊಹಿಸುತ್ತೇವೆ. ಕತ್ತರಿಗೆ ಹೆದರುತ್ತೇವೆ, ಅಂಟಿಗೆ ಹೆದರುವುದಿಲ್ಲ. ಮೊಂಡು ಕತ್ತರಿಗೆ ಹೆಚ್ಚು ಬಲ ಹಾಕಬೇಕು, ಬಲ ಹಾಕಿದಾಗ ಅದು ಜಾರುತ್ತದೆ. ಕೈಗೆ ತಕ್ಕ ಅಳತೆಯ, ತುದಿ ದುಂಡಗಿರುವ, ಆದರೆ ಅಲಗು ಚೂಪಾಗಿರುವ ಕತ್ತರಿಯನ್ನು ಮಗುವಿಗೆ ಕೊಟ್ಟು ಹಿಡಿಯುವ ರೀತಿ ಕಲಿಸುವುದೇ ಲೇಸು. ಅಂಟಿನ ಕಥೆ ಬೇರೆ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ, ಅಂದರೆ ಸೈನೊಅಕ್ರಿಲೇಟ್, ಹತ್ತಿ ಅಥವಾ ಉಣ್ಣೆಯ ಬಟ್ಟೆಗೆ ತಗುಲಿದರೆ ಬಲುಬೇಗ ಗಟ್ಟಿಯಾಗುತ್ತ ಚರ್ಮ ಸುಡುವಷ್ಟು ಬಿಸಿ ಹೊರಸೂಸಬಲ್ಲದು. ಬೆರಳಿಗೆ ಮೆತ್ತಿದ ಅಂಟನ್ನು ಹತ್ತಿಯಿಂದ ಒರೆಸಲು ಹೋದರೆ ಆಗುವುದು ಇದೇ. ಬೆರಳುಗಳು ಅಂಟಿಕೊಂಡರೆ ಜಗ್ಗಬೇಡಿ, ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸಿ.

ಮರದ ಕೆಲಸ ಮಾಡುವವರಿಗೆ ಗೊತ್ತಿರಬೇಕಾದ, ಅನೇಕರಿಗೆ ಗೊತ್ತಿರದ ಸಂಗತಿ ಇನ್ನೊಂದಿದೆ. ಮರಕ್ಕೆ ಹೊಳಪು ಕೊಡಲು ಅಗಸೆ ಎಣ್ಣೆ ಉಜ್ಜುತ್ತಾರೆ. ಆ ಎಣ್ಣೆ ಒಣಗುವುದೆಂದರೆ ನೀರಿನಂತೆ ಆವಿಯಾಗುವುದಲ್ಲ. ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುತ್ತದೆ, ಆಗ ಬಿಸಿ ಹುಟ್ಟುತ್ತದೆ. ಹರಡಿದ ಬಟ್ಟೆಯಲ್ಲಿ ಆ ಬಿಸಿ ಗಾಳಿಗೆ ಹೋಗುತ್ತದೆ. ಉಂಡೆಕಟ್ಟಿ ಮೂಲೆಗೆಸೆದ ಬಟ್ಟೆಯಲ್ಲಿ ಒಳಗೇ ಕೂಡಿಕೊಳ್ಳುತ್ತ ಹೋಗಿ, ಬೆಂಕಿಕಡ್ಡಿಯ ನೆರವಿಲ್ಲದೆ, ಕೆಲವು ಗಂಟೆಗಳ ನಂತರ ಬಟ್ಟೆಯೇ ಹೊತ್ತಿಕೊಳ್ಳಬಹುದು. ಕೆಲಸ ಮುಗಿಸಿ, ಕೈತೊಳೆದು, ಎಲ್ಲರೂ ಮಲಗಿದ ಮೇಲೆ! ಅಂಥ ಬಟ್ಟೆಯನ್ನು ಹೊರಗೆ ಒಂದೊಂದಾಗಿ ಬಿಡಿಸಿ ಹರಡಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಬೇಕು. ‘ನೋಡಿಕೊಳ್ಳುವುದು’ ಕೆಲಸದೊಂದಿಗೆ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮಕ್ಕಳು ಮಾಡುವ ಮಿನುಗುವ ಗೊಂಬೆಗಳಲ್ಲಿ, ಹಾಡುವ ಶುಭಾಶಯ ಪತ್ರಗಳಲ್ಲಿ, ಪುಟ್ಟ ದೀಪಗಳಲ್ಲಿ ನಾಣ್ಯದಾಕಾರದ ಬ್ಯಾಟರಿಗಳಿರುತ್ತವೆ. ಇವುಗಳ ವಿಷಯದಲ್ಲಿ ನಾನು ಕಟುವಾಗಿಯೇ ಮಾತನಾಡುತ್ತೇನೆ. 20 ಮಿಲಿಮೀಟರ್ ಅಗಲದ, 3 ವೋಲ್ಟಿನ ಲಿಥಿಯಂ ಬ್ಯಾಟರಿಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಸುತ್ತಲಿನ ತೇವದಲ್ಲಿ ವಿದ್ಯುತ್ ಹರಿದು ಪ್ರಬಲ ಕ್ಷಾರ ಉಂಟಾಗುತ್ತದೆ ಮತ್ತು ಎರಡೇ ಗಂಟೆಯೊಳಗೆ ಅನ್ನನಾಳದ ಗೋಡೆ ತೀವ್ರವಾಗಿ ಸುಡಬಹುದು. ಬ್ಯಾಟರಿ ಒಡೆಯಬೇಕಿಲ್ಲ, ಸೋರಬೇಕಿಲ್ಲ. ಆಟಿಕೆಗೆ ಶಕ್ತಿ ಸಾಲದೆ ತೆಗೆದೆಸೆದ ಹಳೆಯ ಬ್ಯಾಟರಿಯಲ್ಲೂ ಇದಕ್ಕೆ ಸಾಕಾಗುವಷ್ಟು ಶಕ್ತಿ ಉಳಿದಿರುತ್ತದೆ. ಮಗು ನುಂಗಿರಬಹುದು ಎಂಬ ಅನುಮಾನ ಬಂದರೆ ವಾಂತಿ ಮಾಡಿಸದೆ, ‘ತಾನಾಗಿ ಹೊರಗೆ ಬರುತ್ತದೆ’ ಎಂದು ಕಾಯದೆ, ಆ ಕೂಡಲೇ ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ನೀರಿನಲ್ಲಿಟ್ಟರೆ ಹಲವು ಪಟ್ಟು ಉಬ್ಬುವ ಬಣ್ಣದ ಮಣಿಗಳೂ ಕರುಳಿನೊಳಗೆ ಅದೇ ರೀತಿ ಉಬ್ಬಿ ದಾರಿ ಕಟ್ಟುತ್ತವೆ. ಪುಟ್ಟ ಮಗುವಿರುವ ಮನೆಗೆ ಅವು ಬೇಡ.

ಈಗ ದಾಂಪತ್ಯಕ್ಕೆ ಬರುತ್ತೇನೆ. ಬಕೆಟ್ಟಿನಿಂದ ಬ್ಯಾಟರಿಯವರೆಗೆ ಬಂದವರು ದಾಂಪತ್ಯಕ್ಕೇಕೆ ಜಿಗಿದರು ಎಂದು ನಿಮಗೆ ಅನ್ನಿಸಬಹುದು. ನಾನು ಇಷ್ಟು ಹೊತ್ತು ಹೇಳಿದ್ದೆಲ್ಲವನ್ನೂ ಒಂದು ಮನೆಯಲ್ಲಿ ಯಾರು ತಲೆಯಲ್ಲಿಟ್ಟುಕೊಳ್ಳುತ್ತಾರೆ ಎಂದು ಕೇಳಿಕೊಳ್ಳಿ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆಲಿಸನ್ ಡ್ಯಾಮಿಂಜರ್ ಅವರು 35 ದಂಪತಿಗಳನ್ನು ಮಾತನಾಡಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮನೆಯ ಈ ಕಣ್ಣಿಗೆ ಕಾಣದ ಕೆಲಸವನ್ನು ನಾಲ್ಕಾಗಿ ಬಿಡಿಸಿದರು: ಮುಂದೆ ಏನು ಬೇಕಾಗಬಹುದು ಎಂದು ಮೊದಲೇ ಊಹಿಸುವುದು, ಅದಕ್ಕೆ ದಾರಿಗಳನ್ನು ಹುಡುಕುವುದು, ಒಂದನ್ನು ತೀರ್ಮಾನಿಸುವುದು, ತೀರ್ಮಾನಿಸಿದ್ದು ನಡೆಯಿತೇ ಎಂದು ಕಣ್ಣಿಡುವುದು. ತೀರ್ಮಾನ ಮಾಡುವಾಗ ಗಂಡಹೆಂಡತಿ ಇಬ್ಬರೂ ಹೆಚ್ಚುಕಡಿಮೆ ಕೂಡಿಯೇ ಇರುತ್ತಿದ್ದರು. ಮೊದಲಿನ ಊಹೆ ಮತ್ತು ಕೊನೆಯ ಕಣ್ಗಾವಲು ಮಾತ್ರ ಹೆಚ್ಚಾಗಿ ಹೆಂಡತಿಯ ಪಾಲಿಗೇ ಬರುತ್ತಿದ್ದವು. ಗಮನಿಸಿ, ಸುರಕ್ಷತೆ ಎನ್ನುವುದು ಪೂರ್ತಿಯಾಗಿ ಈ ಎರಡರಲ್ಲೇ ಇದೆ. ಬಕೆಟ್ ಮಗುಚಬೇಕೇ ಎಂಬ ಬಗ್ಗೆ ಯಾವ ದಂಪತಿಯೂ ಕುಳಿತು ಚರ್ಚಿಸುವುದಿಲ್ಲ. ಅದು ಹೊಳೆಯಬೇಕು, ಹೊಳೆದದ್ದು ಆಗಿದೆಯೇ ಎಂದು ನೋಡಬೇಕು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬುದು ನಮ್ಮ ಹಿರಿಯರ ಮಾತು. ಉಂಡು ಮಲಗಿದರೂ ಮುಗಿಯದ ಒಂದು ಜಗಳವನ್ನು ನಾನು ಬಲ್ಲೆ, ಅದು “ಹೇಳಿದ್ದರೆ ಮಾಡುತ್ತಿದ್ದೆನಲ್ಲ” ಎಂಬ ವಾಕ್ಯದಿಂದ ಹುಟ್ಟುವ ಜಗಳ. ಆ ವಾಕ್ಯ ಹೇಳುವವರು ಪ್ರಾಮಾಣಿಕರೇ, ಹೇಳಿದ್ದರೆ ಖಂಡಿತ ಮಾಡುತ್ತಿದ್ದರು. ಆದರೆ ಹೇಳಬೇಕಾದವರು ಮೊದಲು ನೆನೆಯಬೇಕು, ಹೇಳಲು ಹೊತ್ತು ನೋಡಬೇಕು, ಹೇಳಿದ ಮೇಲೆ ಆಗಿದೆಯೇ ಎಂದು ಮತ್ತೆ ನೋಡಬೇಕು. ಕೈ ಕೆಲಸ ಹಂಚಿಹೋಯಿತೇ ಹೊರತು ತಲೆಯ ಕೆಲಸ ಹಂಚಿಹೋಗಲಿಲ್ಲ. ಇದರ ಅನ್ಯಾಯದ ಮುಖವನ್ನು ಬಹಳ ಜನ ಬಹಳ ಚೆನ್ನಾಗಿ ಹೇಳಿದ್ದಾರೆ. ಇದರ ಅಪಾಯದ ಮುಖ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಒಬ್ಬರೇ ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡಿರುವ ಮನೆ ಅವರಿಗೆ ಜ್ವರ ಬಂದ ದಿನ ಕುರುಡಾಗುತ್ತದೆ. ವಿದ್ಯುತ್ತಿನ ಮುಖ್ಯ ಸ್ವಿಚ್ ಎಲ್ಲಿದೆ, ಮಗುವಿಗೆ ಯಾವ ಔಷಧಿ ಒಗ್ಗುವುದಿಲ್ಲ, ಅತ್ತೆಯವರ ರಕ್ತದೊತ್ತಡದ ಮಾತ್ರೆ ದಿನಕ್ಕೆ ಎಷ್ಟು ಎಂಬ ಪ್ರಶ್ನೆಗಳಿಗೆ ಗಂಡಹೆಂಡತಿ ಇಬ್ಬರಲ್ಲಿ ಒಬ್ಬರು ಮಾತ್ರ ಉತ್ತರಿಸಬಲ್ಲರಾದರೆ, ಆ ಒಬ್ಬರು ಊರಿನಲ್ಲಿಲ್ಲದ ರಾತ್ರಿ ಎಷ್ಟು ದೀರ್ಘವಾದೀತೆಂದು ಯೋಚಿಸಿ.

ಆದ್ದರಿಂದ ಕೆಲಸ ಹಂಚಿಕೊಳ್ಳುವಾಗ ತುಂಡು ಮಾಡದೆ ಬುಡದಿಂದ ತುದಿಯವರೆಗೆ ಹಂಚಿಕೊಳ್ಳಿ ಎಂದು ನನ್ನ ಬಳಿ ಬರುವ ಕಿರಿಯ ದಂಪತಿಗಳಿಗೆ ಹೇಳುತ್ತೇನೆ. ಔಷಧಿಯ ಪೆಟ್ಟಿಗೆ ಒಬ್ಬರದಾದರೆ ಅವಧಿ ಮೀರಿದ್ದನ್ನು ಹೊಳೆದು ತೆಗೆಯುವುದೂ, ಮುಗಿದದ್ದನ್ನು ತರುವುದೂ, ಮಕ್ಕಳ ಕೈಗೆಟುಕದಂತೆ ಇಡುವುದೂ ಅವರದೇ. ಇನ್ನೊಬ್ಬರು ನೆನಪಿಸುವ ಚಾಕರಿಯಿಂದ ಬಿಡುಗಡೆ ಹೊಂದಬೇಕು. ಆರು ತಿಂಗಳಿಗೊಮ್ಮೆ ಅದಲುಬದಲು ಮಾಡಿಕೊಂಡರೆ ಮನೆಯ ಗುಟ್ಟು ಇಬ್ಬರಿಗೂ ಗೊತ್ತಿರುತ್ತದೆ. ಮೊದಲ ತಿಂಗಳಲ್ಲಿ ಏನಾದರೂ ತಪ್ಪುತ್ತದೆ. ಆಗ ಬಾಯಿ ಹಾಕದೆ ಸುಮ್ಮನಿರುವುದು ಬಹಳ ಕಷ್ಟ, ನನ್ನಿಂದ ಇಂದಿಗೂ ಪೂರ್ತಿಯಾಗಿ ಸಾಧ್ಯವಾಗಿಲ್ಲ.

ಕೊನೆಯದಾಗಿ, ನೆಂಟರು ಹೊರಟ ಸಂಜೆಯ ಒಂದು ಕೆಲಸ. ಬಾಗಿಲು ಹಾಕಿ ಉಸ್ಸೆಂದು ಕೂರುವ ಮೊದಲು ಗಂಡಹೆಂಡತಿ ಇಬ್ಬರೂ ಮನೆಯ ನೆಲದ ಮೇಲೆ, ಮಗುವಿನ ಎತ್ತರಕ್ಕೆ, ಮಂಡಿಯೂರಿ ಒಂದು ಸುತ್ತು ಬನ್ನಿ. ನಿಂತಾಗ ಕಾಣದ್ದು ಆಗ ಕಾಣುತ್ತದೆ: ಸೋಫಾದ ಕೆಳಗೆ ಉರುಳಿದ ಯಾರದೋ ಮಾತ್ರೆ, ಚಾಪೆಯ ಅಂಚಿನಲ್ಲಿ ಸಿಕ್ಕ ಹೊಲಿಗೆ ಸೂಜಿ, ಮಣಿ, ಆಟಿಕೆಯ ಮುಚ್ಚಳ ಬಿಚ್ಚಿ ಉರುಳಿಹೋದ ಆ ನಾಣ್ಯದಂಥ ಬ್ಯಾಟರಿ. ನಮ್ಮ ಮನೆಯಲ್ಲಿ ಮೊದಲ ಸಲ ಹೀಗೆ ಮಾಡಿದಾಗ ನಾಲ್ಕು ಗುಂಡುಸೂಜಿಗಳು, ಎರಡು ಮಾತ್ರೆಗಳು ಮತ್ತು ಎರಡು ವರ್ಷದಿಂದ ಹುಡುಕುತ್ತಿದ್ದ ನನ್ನ ಕನ್ನಡಕದ ಡಬ್ಬಿ ಸಿಕ್ಕವು.

ನಮಸ್ಕಾರ.