ರೇಡಿಯೋ ಕೊನೆಗೆ ಕೊಳ್ಳಿ

ಕೇಳುಗರಿಗೆ ನಮಸ್ಕಾರ.

ದೂರದೂರದ ದೇಶಗಳ ನಿಲಯಗಳನ್ನು ಮುಟ್ಟಿಸುವ ಶಾರ್ಟ್‌ವೇವ್ ಕೇಳುವುದಕ್ಕೆಂದೇ ಉತ್ತಮ ದರ್ಜೆಯ ರೇಡಿಯೋ ಒಂದನ್ನು ಕೊಳ್ಳಬೇಕೆಂದು ನಿಮ್ಮಲ್ಲಿ ಕೆಲವರು ಹಣ ಕೂಡಿಡುತ್ತಿದ್ದೀರಿ. ಈಗಿರುವ ಚಿಕ್ಕ ರೇಡಿಯೋದಲ್ಲಿ ದೂರದ ನಿಲಯಗಳು ಸಿಗುತ್ತಿಲ್ಲ. ಸಿಕ್ಕರೂ ಗೊರಗೊರ ಸದ್ದು ಅವನ್ನು ನುಂಗಿಹಾಕುತ್ತದೆ. ದೊಡ್ಡದು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದ್ದೀರಿ. ನಾನು ಇಂದು ಮಾತನಾಡುತ್ತಿರುವುದು ನಿಮ್ಮೊಡನೆ, ಹೇಳಲು ಬಂದಿರುವುದು ಒಂದೇ ಮಾತು. ಮೊದಲು ಮನೆಯ ಗದ್ದಲ ಅಡಗಿಸಿ. ಆಮೇಲೆ ಏರಿಯಲ್, ಅಂದರೆ ರೇಡಿಯೋ ತರಂಗ ಹಿಡಿಯುವ ತಂತಿ, ಕಟ್ಟಿ. ರೇಡಿಯೋ ಕೊನೆಗೆ ಕೊಳ್ಳಿ.

ವಿದ್ಯುತ್ತಿನ ಗದ್ದಲದ ಬಗ್ಗೆ ಹೇಳುತ್ತಿದ್ದೇನೆ. ಮೊಬೈಲ್ ಚಾರ್ಜರ್, ಎಲ್‌ಇಡಿ ದೀಪ, ಸೌರ ಫಲಕದ ಇನ್ವರ್ಟರ್, ಇವುಗಳೊಳಗೆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೂಡಿಸುವ ಸರ್ಕ್ಯೂಟ್ ಇರುತ್ತದೆ. ಅದನ್ನು ಅಗ್ಗವಾಗಿ ಮಾಡಿದ್ದರೆ ಆ ಕಡಿತದ ಕಸವೆಲ್ಲ ಮನೆಯ ವೈರಿಂಗ್ ಹಿಡಿದು ಹರಡುತ್ತದೆ, ಶಾರ್ಟ್‌ವೇವ್ ಇರುವ 3ರಿಂದ 30 ಮೆಗಾಹರ್ಟ್ಸ್‌ನ ಅಂಗಳಕ್ಕೂ ನುಗ್ಗುತ್ತದೆ. ಅದು ಏರಿಯಲ್ ಸೇರಿತೆಂದರೆ ಎಷ್ಟೇ ಬೆಲೆಯ ರೇಡಿಯೋ ಆದರೂ ನಿಲಯದ ಜೊತೆಗೆ ಕಸವನ್ನೂ ಹಿಗ್ಗಿಸಿ ನಿಮ್ಮ ಕಿವಿಗೆ ಹಾಕುತ್ತದೆ.

ನನ್ನ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ನ್ಯೂಜಿಲೆಂಡ್ ದೇಶವು ಪೆಸಿಫಿಕ್ ದ್ವೀಪಗಳ ಜನರಿಗಾಗಿ ಶಾರ್ಟ್‌ವೇವ್‌ನಲ್ಲಿ ಪ್ರಸಾರ ನಡೆಸುತ್ತದೆ. ಬೆಲ್‌ಬರ್ಡ್ ಎಂಬ ಅಲ್ಲಿನ ಹಕ್ಕಿಯ ಕೂಗು ಆ ನಿಲಯದ ಗುರುತಿನ ದನಿ. ಆ ಹಕ್ಕಿಯನ್ನು ನನ್ನ ಕೋಣೆಯಲ್ಲಿ ಕುಳಿತು ಕೇಳಬೇಕೆಂಬ ಹಟ ನನಗೆ. ಹಲವು ವರ್ಷಗಳ ಉಳಿತಾಯ ಸುರಿದು ಮೇಜಿನ ಮೇಲಿಡುವ ದೊಡ್ಡ ರೇಡಿಯೋ, ಅಂದರೆ ರಿಸೀವರ್ ಒಂದನ್ನು ತರಿಸಿದೆ. ಎಂಥ ಯಂತ್ರ! ಟ್ಯೂನ್ ಮಾಡುವ ಗುಂಡಿ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗುತ್ತಿತ್ತು. ಹಚ್ಚಿದೆ. ಬ್ಯಾಂಡಿನ ಈ ತುದಿಯಿಂದ ಆ ತುದಿಯವರೆಗೆ ಜೇನುಗೂಡು ಕೆದಕಿದಂತೆ ಝೇಂಕಾರ. ಹಕ್ಕಿ ಹಾಗಿರಲಿ, ಭಾರಿ ಶಕ್ತಿಯ ನಿಲಯಗಳೂ ತಿಣುಕುತ್ತ ಕೇಳಿಸಿದವು.

ರಿಸೀವರ್ ಆರಿಸಿ ಹಳೆಯ ಜೇಬು ರೇಡಿಯೋ ಕೈಗೆತ್ತಿಕೊಂಡೆ. ನಿಲಯವಿಲ್ಲದ ಖಾಲಿ ಜಾಗಕ್ಕೆ ಅದನ್ನು ತಿರುಗಿಸಿ, ಮನೆಯ ಒಂದೊಂದು ಉಪಕರಣದ ಹತ್ತಿರಕ್ಕೂ ಹಿಡಿದು ನೋಡಿದೆ. ಮೆಟ್ಟಿಲಿನ ಎಲ್‌ಇಡಿ ದೀಪ ಸಿಕ್ಕಿಬಿತ್ತು, ಬದಲಿಸಿದೆ. ಬೀರುವಿನ ಹಿಂದೆ ಮರೆತುಹೋಗಿದ್ದ ಚಾರ್ಜರ್ ಸಿಕ್ಕಿತು, ಕಿತ್ತೆ. ಮನೆ ಶಾಂತವಾಯಿತೆಂದು ಹೋಗಿ ರಿಸೀವರ್ ಹಚ್ಚಿದರೆ ಮತ್ತೆ ಅದೇ ಝೇಂಕಾರ! ಹೀಗೆ ಒಂದು ವಾರ. ಜೇಬು ರೇಡಿಯೋ ಹಿಡಿದಾಗ ಮನೆ ಶಾಂತ, ರಿಸೀವರ್ ಹಚ್ಚಿದೊಡನೆ ಗದ್ದಲ. ಯಂತ್ರವೇ ಕೆಟ್ಟಿದೆ, ಹಿಂದಿರುಗಿಸುತ್ತೇನೆ ಎಂದು ಪೆಟ್ಟಿಗೆಯನ್ನೂ ಹೊರತೆಗೆದೆ.

ಆ ರಾತ್ರಿ ಕೊನೆಯ ಪ್ರಯತ್ನವೆಂದು ಮನೆಯ ಮೇನ್ ಸ್ವಿಚ್ ಇಳಿಸಿ, 12 ವೋಲ್ಟ್ ಬ್ಯಾಟರಿಯಿಂದ ರಿಸೀವರ್ ನಡೆಸಿದೆ. ಝೇಂಕಾರವೆಲ್ಲ ಅಳಿದು ಮೆಲ್ಲನೆಯ ಉಸಿರಿನಂಥ ಸದ್ದು ಉಳಿಯಿತು. ಶಾರ್ಟ್‌ವೇವ್‌ನ ಆಕಾಶಕ್ಕೆ ಇರಬೇಕಾದದ್ದು ಅಷ್ಟೇ. ಮೇನ್ ಏರಿಸಿದೆ, ಬ್ಯಾಟರಿಯ ಮೇಲಿರುವಷ್ಟು ಹೊತ್ತೂ ಶಾಂತಿಯೇ. ರಿಸೀವರ್ ಜೊತೆಗೆ ಕೊಟ್ಟಿದ್ದ ಅಡಾಪ್ಟರ್ ಸಿಕ್ಕಿಸಿದೆ, ಜೇನು ಎದ್ದಿತು! ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಹುಡುಕುವಾಗಲೆಲ್ಲ ರಿಸೀವರ್ ಆರಿಸುತ್ತಿದ್ದೆನಲ್ಲ, ಆಗ ಅಡಾಪ್ಟರಿಗೂ ಕೆಲಸವಿಲ್ಲದೆ ಅದು ಸುಮ್ಮನಿರುತ್ತಿತ್ತು. ಅದನ್ನು ಕಿತ್ತೆಸೆದು ಬ್ಯಾಟರಿಯನ್ನೇ ಉಳಿಸಿಕೊಂಡೆ. ನಾಲ್ಕನೆಯ ರಾತ್ರಿ, ಮಸುಕಾಗಿ, ಏರಿಳಿಯುತ್ತ, ಆ ಹಕ್ಕಿ ಕೂಗಿತು. ಅದೇ ಯಂತ್ರ, ಅದೇ ತಂತಿ.

ನನಗೆ ಕೊಟ್ಟ ಸಮಯದಲ್ಲಿ ಬಹುಪಾಲು ಇದಕ್ಕೇ ಹೋಯಿತು. ಹೋಗಲಿ, ಮುಖ್ಯವಾದದ್ದು ಇದೇ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಏರಿಯಲ್: 10ರಿಂದ 15 ಮೀಟರ್ ತಂತಿಯನ್ನು ಮನೆಯಿಂದ ಆದಷ್ಟು ದೂರದಲ್ಲಿ ಕಟ್ಟಿ, ಲೋಹದ ಜಾಲರಿಯ ಹೊದಿಕೆಯಿರುವ ಕೋಆಕ್ಸಿಯಲ್ ಕೇಬಲ್‌ನಲ್ಲಿ ಒಳಗೆ ತನ್ನಿ. ಜಾಗವಿಲ್ಲದವರು ಸುಮಾರು ಒಂದು ಮೀಟರ್ ಅಗಲದ, ಬಳೆಯಂತೆ ಬಾಗಿಸಿದ ಲೂಪ್ ಏರಿಯಲ್ ಇಡಿ. ಅದನ್ನು ತಿರುಗಿಸಿದರೆ ಗದ್ದಲ ಬರುವ ದಿಕ್ಕಿಗೆ ಕಿವುಡಾಗುತ್ತದೆ.

ಈಗ ರೇಡಿಯೋ. ಎಷ್ಟು ಮೈಕ್ರೋವೋಲ್ಟ್‌ನ, ಅಂದರೆ ವೋಲ್ಟ್‌ನ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕದ, ಕ್ಷೀಣ ಸಂಕೇತ ಹಿಡಿಯುತ್ತದೆ ಎಂದು ದಯವಿಟ್ಟು ಕೇಳಬೇಡಿ. ಜಾಹೀರಾತಿನವರು ಬರೆಯುವುದು ಅದನ್ನೇ, ಎಲ್ಲರೂ ನನ್ನನ್ನು ಕೇಳುವುದೂ ಅದನ್ನೇ. ಶಾರ್ಟ್‌ವೇವ್‌ನಲ್ಲಿ ಹೊರಗಿನಿಂದ ಬರುವ ಗದ್ದಲವೇ ರೇಡಿಯೋದ ಒಳಗದ್ದಲಕ್ಕಿಂತ ದೊಡ್ಡದು, ಆ ಅಂಕಿ ಕಟ್ಟಿಕೊಂಡು ಏನು ಮಾಡುವುದು? ಮೂರು ಗುಣ ನೋಡಿ. ನಿಲಯಗಳು 5 ಕಿಲೋಹರ್ಟ್ಸ್ ಅಂತರದಲ್ಲಿ ಒತ್ತೊತ್ತಾಗಿ ಕುಳಿತಿರುತ್ತವೆ, ಪಕ್ಕದ್ದನ್ನು ತಡೆಯುವ, ಬೇರೆ ಬೇರೆ ಅಗಲದ ಫಿಲ್ಟರ್‌ಗಳು ಹಲವು ಇರಬೇಕು. ಉದ್ದ ತಂತಿ ಸಿಕ್ಕಿಸಿದಾಗ ಬಲವಾದ ನಿಲಯಗಳು ನುಗ್ಗಿ ತಾವಿಲ್ಲದ ಜಾಗದಲ್ಲೆಲ್ಲ ತಲೆ ಹಾಕುತ್ತವೆ, ರೇಡಿಯೋ ಅದನ್ನು ತಾಳಿಕೊಳ್ಳಬೇಕು. ಮೂರನೆಯದು ಸಿಂಕ್ರೊನಸ್ ಡಿಟೆಕ್ಷನ್. ದೂರದ ಸಂಕೇತದಲ್ಲಿ ಮಾತನ್ನು ಹೊತ್ತು ತರುವ ವಾಹಕ ತರಂಗ ಕ್ಷೀಣಿಸಿದಾಗ ಮಾತು ಒಡೆದು ಕರ್ಕಶವಾಗುತ್ತದಲ್ಲ, ಆಗ ರೇಡಿಯೋ ತಾನೇ ಒಂದು ವಾಹಕವನ್ನು ಒದಗಿಸಿ ಮಾತನ್ನು ಉಳಿಸುತ್ತದೆ. 1985ರ ಸೋನಿ ಐಸಿಎಫ್-2010 ರೇಡಿಯೋವನ್ನು ಹಳಬರು ಇಂದಿಗೂ ಬಿಟ್ಟುಕೊಡದಿರುವುದಕ್ಕೆ ಈ ಗುಣವೇ ದೊಡ್ಡ ಕಾರಣ.

ಐಕಾಮ್ ಆರ್8600 ರಿಸೀವರ್ 3000 ಮೆಗಾಹರ್ಟ್ಸ್‌ವರೆಗೂ ಕೇಳಿಸುತ್ತದೆ, ಸೊಗಸಾದ ಯಂತ್ರ. ಆದರೆ ನಿಮಗೆ ಬೇಕಾದದ್ದು 30ರ ಒಳಗೆ. ಕಂಪ್ಯೂಟರ್ ಜೊತೆ ಕುಳಿತು ಕೇಳಲು ಬೇಸರವಿಲ್ಲದವರಿಗೆ ಕಂಪ್ಯೂಟರಿಗೆ ಸಿಕ್ಕಿಸುವ ಏರ್‌ಸ್ಪೈ ಎಚ್‌ಎಫ್ ಪ್ಲಸ್ ಎಂಬ ಪುಟ್ಟ ರಿಸೀವರ್ ಪೆಟ್ಟಿಗೆ ಸಾಕು. ಆದರೆ ಆ ಕಂಪ್ಯೂಟರಿನ ಅಡಾಪ್ಟರನ್ನೂ ಪರೀಕ್ಷಿಸಿ.

ಇಂದು ರಾತ್ರಿ ಚಿಕ್ಕ ರೇಡಿಯೋಗೆ ಸೆಲ್ ಹಾಕಿ, 9 ಮೆಗಾಹರ್ಟ್ಸ್ ಆಸುಪಾಸಿನ ಖಾಲಿ ಜಾಗಕ್ಕೆ ತಿರುಗಿಸಿ, ಹತ್ತು ನಿಮಿಷ ಮೇನ್ ಸ್ವಿಚ್ ಇಳಿಸಿ ನೋಡಿ. ಗೊರಗೊರ ಇಳಿದರೆ ಗದ್ದಲ ನಿಮ್ಮ ಮನೆಯದೇ. ತಂತಿ ಕಟ್ಟುವಾಗ ವಿದ್ಯುತ್ ತಂತಿಯ ಹತ್ತಿರ ಸುಳಿಯಬೇಡಿ. ಗುಡುಗು ಸಿಡಿಲಿನ ಸೂಚನೆ ಕಂಡರೆ ಮೊದಲೇ ಏರಿಯಲ್ ಕಳಚಿಡಿ.

ನಮಸ್ಕಾರ.