ಹಲಸಿನ ತೊಳೆಯ ಮೇಲಿನ ನೊಣ

ಕೇಳುಗರಿಗೆ ನಮಸ್ಕಾರ.

ಮೊನ್ನೆ ನಮ್ಮ ಉಡುಪಿಯ ಮನೆಯಲ್ಲಿ ಹಲಸಿನ ಹಣ್ಣು ಬಿಡಿಸುತ್ತಿದ್ದೆವು. ಕೈಗೆ ಎಣ್ಣೆ ಹಚ್ಚಿ ಕೂತು ಇನ್ನೂ ನಾಲ್ಕು ತೊಳೆ ತೆಗೆದಿರಲಿಲ್ಲ, ಎಲ್ಲಿದ್ದವೋ ಏನೋ, ಸಾಸಿವೆ ಗಾತ್ರದ ನೊಣಗಳು ಮುತ್ತಿಕೊಂಡವು. ಪಕ್ಕದ ಮನೆಯ ಅಕ್ಕ ಅವನ್ನು ಓಡಿಸುತ್ತಾ ಕೇಳಿದರು: "ಕಾಟು ಮಾವಿನ ಹಣ್ಣಿನೊಳಗೆ ಹುಳ ಇರ್ತದಲ್ಲ, ಅದೇ ದೊಡ್ಡದಾಗಿ ಈ ನೊಣ ಆಗುವುದಲ್ವಾ ಮಾರಾಯ್ರೆ?"

ಅಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದಾಗಲೂ ಈ ಗೊಂದಲ ಪ್ರತಿ ವರ್ಷ ಎದುರಾಗುತ್ತಿತ್ತು. ತೊಳೆಯ ಮೇಲೆ ಕೂತದ್ದು ಡ್ರೊಸೊಫಿಲ. ಕೊಳೆಯಲು ಶುರುವಾದ ಹಣ್ಣಿನಲ್ಲಿ ಹುಟ್ಟುವ ಹುದುಗು ಅದರ ಊಟ. ಮಾವಿನ ಹುಳದ ತಾಯಿ ಬ್ಯಾಕ್ಟ್ರೊಸೆರ ಎಂಬ ಬೇರೆಯೇ ಕುಟುಂಬದ ನೊಣ. ಹಣ್ಣು ಮರದಲ್ಲಿರುವಾಗಲೇ ಸೂಜಿಯಂಥ ಅಂಗದಿಂದ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹಣ್ಣು ಕತ್ತರಿಸಿದಾಗ ತಟ್ಟೆಯಿಂದ ಚಿಮ್ಮಿ ಹಾರುವ ಬಿಳಿ ಹುಳ ಇದರದ್ದು. ನಾವು ಎರಡನ್ನೂ ಹಣ್ಣುನೊಣ ಎನ್ನುತ್ತೇವೆ, ಅಷ್ಟೇ.

ಡ್ರೊಸೊಫಿಲ ಕುಲವೊಂದರಲ್ಲೇ 1,500ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಟ್ಟಿದ್ದಾರೆ. ಇಷ್ಟು ಸಣ್ಣ ಜೀವ ಇಷ್ಟೊಂದು ಕವಲಾದದ್ದು ಹೇಗೆ? ನಡುವೆ ಸಮುದ್ರ ಬಂದರೆ ಕವಲೊಡೆಯುತ್ತದೆ ಎಂಬುದು ಹಳೆಯ ಉತ್ತರ. ಅದು ಸರಿಯೂ ಹೌದು. ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳಿಗೆ ಸುಮಾರು 2.5 ಕೋಟಿ ವರ್ಷಗಳ ಹಿಂದೆ ತಲುಪಿದ ಬೆರಳೆಣಿಕೆಯ ನೊಣಗಳ ಸಂತತಿ ಇವತ್ತು ಸಾವಿರದ ಹತ್ತಿರ ಪ್ರಭೇದಗಳಾಗಿದೆಯೆಂಬ ಅಂದಾಜಿದೆ. ಅಲ್ಲಿನ ದೊಡ್ಡ ದ್ವೀಪದ ಒಂದು ಪ್ರಭೇದದಲ್ಲಿ ಗಂಡಿನ ತಲೆ ಸುತ್ತಿಗೆಯ ಹಾಗೆ ಅಗಲ. ಎರಡು ಗಂಡುಗಳು ಟಗರಿನಂತೆ ತಲೆಗೆ ತಲೆ ಕೊಟ್ಟು ನೂಕಾಡುತ್ತವೆ. ಕೋಳಿ ಅಂಕ ನೋಡಿ ಬೆಳೆದ ನಮ್ಮೂರಿನವರಿಗೆ ಇದು ಹೊಸದೇನಲ್ಲ ಬಿಡಿ.

ಆದರೆ ನನಗೆ ಹೆಚ್ಚು ಇಷ್ಟವಾದದ್ದು ಸಮುದ್ರದ ಕಥೆಯಲ್ಲ, ಒಂದೇ ತೋಟದಲ್ಲಿ ನಡೆದ ಕಥೆ. ಅಮೆರಿಕದಲ್ಲಿ ಹಾಥಾರ್ನ್ ಎಂಬ ಮುಳ್ಳುಗಿಡವಿದೆ, ಅದರ ಸಣ್ಣ ಕೆಂಪು ಹಣ್ಣಿನಲ್ಲಿ ಮೊಟ್ಟೆ ಇಡುವ ರ್‍ಯಾಗೊಲೆಟಿಸ್ ಎಂಬ ನೊಣವೂ ಇದೆ. ಸೇಬು ಆ ದೇಶದ್ದಲ್ಲ, ಯುರೋಪಿನವರು ಒಯ್ದು ನೆಟ್ಟದ್ದು. 19ನೇ ಶತಮಾನದ ಮಧ್ಯಭಾಗದಲ್ಲಿ ಸೇಬಿನೊಳಗೆ ಹುಳ ಕಾಣಿಸಿಕೊಂಡಿತು. ಮುಳ್ಳುಗಿಡದ ನೊಣವೇ ಮನೆ ಬದಲಿಸಿದೆ, ಹೀಗೇ ಮುಂದುವರಿದರೆ ಎರಡು ಜಾತಿಯಾದೀತು ಎಂದು 1860ರ ದಶಕದಲ್ಲೇ ಕೀಟಶಾಸ್ತ್ರಜ್ಞ ಬೆಂಜಮಿನ್ ವಾಲ್ಶ್ ಬರೆದರು. ಬಹುಕಾಲ ಅದನ್ನು ನಂಬಿದವರು ಕಡಿಮೆ. ನಡುವೆ ಗುಡ್ಡವಿಲ್ಲ, ಹೊಳೆಯಿಲ್ಲ, ಬೇರೆಯಾಗುವುದು ಹೇಗೆ?

ಗುಟ್ಟು ಇರುವುದು ಹಣ್ಣಾಗುವ ಹೊತ್ತಿನಲ್ಲಿ. ಸೇಬು ಮೂರು ನಾಲ್ಕು ವಾರ ಮೊದಲೇ ಹಣ್ಣಾಗುತ್ತದೆ. ನೊಣದ ಆಯುಸ್ಸೋ ಕೆಲವೇ ವಾರ, ಅದೂ ವರ್ಷಕ್ಕೊಂದೇ ತಲೆಮಾರು. ಸೇಬಿನ ನೊಣ ಮಣ್ಣಿನಿಂದೆದ್ದು ಸಂಸಾರ ಮುಗಿಸುವಷ್ಟರಲ್ಲಿ ಮುಳ್ಳುಗಿಡದ ನೊಣಕ್ಕೆ ಆಗಷ್ಟೇ ಎಚ್ಚರವಾಗುತ್ತಿರುತ್ತದೆ. ಜೊತೆಗೆ ಗಂಡು ಹೆಣ್ಣು ಭೇಟಿಯಾಗುವುದು ಹಣ್ಣಿನ ಮೇಲೆಯೇ. ಸೇಬಿನ ವಾಸನೆಗೆ ಒಲಿದವರಿಗೆ ಸೇಬಿನ ಕಡೆಯದೇ ಸಂಬಂಧ. ಇವತ್ತಿಗೂ ಅವು ಪೂರ್ತಿ ಬೇರೆಯಾಗಿಲ್ಲ, ಅಲ್ಪಸ್ವಲ್ಪ ಬೆರಕೆ ನಡೆದೇ ಇದೆ. ಇನ್ನೊಂದು ಸ್ವಾರಸ್ಯ ಕೇಳಿ: ಈ ನೊಣದ ಮರಿಯ ಮೇಲೆ ಬದುಕುವ ಒಂದು ಪುಟ್ಟ ಕಣಜವಿದೆ. ನೊಣದ ಬೆನ್ನು ಹತ್ತಿ ಅದೂ ಕವಲೊಡೆಯುತ್ತಿದೆ.

ವಾಸನೆ ಎಂದಾಗ ನೋನಿ ಹಣ್ಣು ನೆನಪಾಯಿತು. ನಮ್ಮ ಕರಾವಳಿಯಲ್ಲೂ ಬೆಳೆಯುತ್ತದೆ. ಹಣ್ಣಾದರೆ ಮೂಗು ಮುಚ್ಚಿಕೊಳ್ಳಬೇಕು. ಅದರಲ್ಲಿರುವ ಒಂದು ಆಮ್ಲ ಸಾಮಾನ್ಯ ಡ್ರೊಸೊಫಿಲಕ್ಕೆ ವಿಷ. ಆದರೆ ಸೇಶೆಲ್ಸ್ ದ್ವೀಪಗಳ ಸೆಶೆಲಿಯ ಎಂಬ ಪ್ರಭೇದ ಅದೇ ವಾಸನೆಯನ್ನು ಹುಡುಕಿಕೊಂಡು ಹೋಗಿ ಅಲ್ಲೇ ಮೊಟ್ಟೆ ಇಡುತ್ತದೆ. ಬೇರೆಯವರು ಬಾರದ ಛತ್ರದಲ್ಲಿ ಇದೊಂದಕ್ಕೇ ಊಟ.

ಇಂಥ ಕವಲುಗಳನ್ನು ನಮ್ಮ ಮೈಸೂರು ವಿಶ್ವವಿದ್ಯಾನಿಲಯದವರು ಬಾಟಲಿಯೊಳಗೇ ಗಮನಿಸಿದ್ದಾರೆ. ಜೀವಕೋಶದೊಳಗೆ ವಂಶವಾಹಿಗಳನ್ನು ಹೊತ್ತ ಎಳೆಗಳಿಗೆ ವರ್ಣತಂತು ಎನ್ನುತ್ತಾರೆ. ನಸುಟ ಎಂಬ ಡ್ರೊಸೊಫಿಲಕ್ಕೆ ಅವು ಎಂಟು, ಅದರ ದಾಯಾದಿ ಆಲ್ಬೊಮೈಕನ್ಸ್‌ಗೆ ಆರು. ಲೆಕ್ಕ ಬೇರೆಯಾದರೂ ಇವೆರಡು ಕೂಡಿ ಮಕ್ಕಳಾಗುತ್ತವೆ, ಆ ಮಕ್ಕಳೂ ಬಂಜೆಯಲ್ಲ. ಆ ಸಂತತಿಯನ್ನು ತಲೆಮಾರುಗಟ್ಟಲೆ ಸಾಕುತ್ತಾ ಹೋದಾಗ, ಅಜ್ಜನನ್ನೂ ಪೂರ್ತಿ ಹೋಲದ, ಅಜ್ಜಿಯನ್ನೂ ಹೋಲದ, ತಮ್ಮದೇ ವರ್ಣತಂತು ಜೋಡಣೆಯ ತಳಿಗಳು ಹುಟ್ಟಿದವು. ಕಾಡಿನಲ್ಲಿ ನಡೆಯುವುದನ್ನು ನೋಡಲು ಒಬ್ಬರ ಆಯುಸ್ಸು ಸಾಲದು. ಹತ್ತು ಹನ್ನೆರಡು ದಿನಕ್ಕೊಂದು ತಲೆಮಾರು ಮುಗಿಸುವ ನೊಣದಿಂದಾಗಿ ಇದು ಸಾಧ್ಯವಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ಅಕ್ಕನ ಮಾವಿನ ಹುಳಕ್ಕೆ ವಾಪಸು ಬರಲೇಬೇಕು. ಆಫ್ರಿಕಾದಲ್ಲಿ ಮಾವು ಹಾಳು ಮಾಡುತ್ತಿದ್ದ ನೊಣವೊಂದಕ್ಕೆ 2005ರಲ್ಲಿ ಹೊಸ ಪ್ರಭೇದವೆಂದು ಇನ್‌ವೇಡೆನ್ಸ್ ಎಂದು ಹೆಸರಿಟ್ಟರು. ಆಮೇಲೆ ಅದನ್ನು ನಮ್ಮ ಕಡೆಯ ಮಾವಿನ ನೊಣದೊಂದಿಗೆ ಕೂಡಿಸಿ ನೋಡಿದರು, ಮೈಕಟ್ಟು ವಾಸನೆ ವಂಶವಾಹಿ ಎಲ್ಲ ತಾಳೆ ಹಾಕಿದರು. 2015ರ ಹೊತ್ತಿಗೆ, ಇದು ನಮ್ಮ ಮಾವಿನಲ್ಲಿರುವ ಬ್ಯಾಕ್ಟ್ರೊಸೆರ ಡಾರ್ಸಾಲಿಸ್ಸೇ, ಬೇರೆಯಲ್ಲ ಎಂದು ಹೆಸರು ಹಿಂದಕ್ಕೆ ಪಡೆದರು. ಕವಲು ಎಲ್ಲಿ ಒಡೆಯಿತು ಎನ್ನುವಷ್ಟೇ ಕಷ್ಟ, ಒಡೆದಿಲ್ಲ ಎನ್ನುವುದೂ.

ಇದನ್ನು ಕೇಳಿ ಅಕ್ಕ ನಕ್ಕರು. "ಒಂದೋ ಎರಡೋ, ನಮ್ಮ ಗೊಜ್ಜಿನ ಹಣ್ಣಂತೂ ಹೋಯ್ತು!" ಹುಳ ಹಣ್ಣಿನಿಂದಿಳಿದು ಮಣ್ಣಿನೊಳಗೆ ಕೋಶ ಕಟ್ಟುತ್ತದೆ, ಬಿದ್ದ ಹಣ್ಣನ್ನು ಹಾಗೇ ಬಿಡಬೇಡಿ ಎಂದೆ. ಸಂಜೆ ನೋಡಿದರೆ ಅವರು ಬುಟ್ಟಿ ಹಿಡಿದು ಮರದ ಬುಡದಲ್ಲಿ ಹಣ್ಣು ಹೆಕ್ಕುತ್ತಿದ್ದರು, ಆಳದ ಗುಂಡಿ ಮೊದಲೇ ತೋಡಿಸಿ ಆಗಿತ್ತು.

ನಮಸ್ಕಾರ.